ಇಪ್ಪತ್ತೇಳನೆಯ ಬಿಲ್ಲೆ

ಹಾಸ್ಟೆಲ್ಲಿನ ಬಾಗಿಲು ದಾಟಿದ ಕೂಡಲೇ ಎಡಗೋಡೆಯ ಮೇಲೆ ಒಂದು ಹಲಗೆ. ಹಲಗೆಯ ತುಂಬ ಸಾಲಾಗಿ ನಲವತ್ತೊಂದು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ. ಬಿಲ್ಲೆಯ ಎರಡೂ ಬದಿಗೆ ಹುಡುಗಿಯ ನಂಬರು. ಒಂದು ಬದಿ ಬಿಳಿ, ಇನ್ನೊಂದು ಕೆಂಪು. ಹೊರಗೆ ಹೋಗುವವಳು ತನ್ನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಬೇಕು, ಒಳಗೆ ಬಂದವಳು ಬಿಳಿಗೆ. ಅಷ್ಟೇ. ಸಹಿ ಇಲ್ಲ, ಕ್ಯಾಮೆರಾ ಇಲ್ಲ, ಬೆರಳೊತ್ತುವ ಯಂತ್ರ ಇಲ್ಲ. ಸಂಜೆ ಏಳರ ಗಂಟೆ ಹೊಡೆದಾಗ ಗೇಟಿನಕ್ಕ ಬಂದು ಹಲಗೆಯ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ರಿಜಿಸ್ಟರಿಗೆ ಇಳಿಸುತ್ತಿದ್ದಳು. ಒಂದೇ ಒಂದು ಬಿಲ್ಲೆ ಕೆಂಪಗೆ ಉಳಿದರೂ ಮನೆಗೆ ಫೋನು ಹೋಗುತ್ತಿತ್ತು, ಟಾರ್ಚು ಹಿಡಿದು ಜನ ಹುಡುಕಲು ಹೊರಡುತ್ತಿದ್ದರು.

ಆ ಹಲಗೆಗೆ ಇದ್ದದ್ದು ಒಂದೇ ನಿಯಮ: ಒಬ್ಬಳ ಬಿಲ್ಲೆಯನ್ನು ಇನ್ನೊಬ್ಬಳು ಮುಟ್ಟಬಾರದು. ಮುಟ್ಟಿದವಳ ಹೆಸರನ್ನು ಕಾಲೇಜಿನಿಂದಲೇ ತೆಗೆದುಹಾಕುತ್ತಾರೆ. ಕಾಲೇಜು ಶುರುವಾದಾಗಿನಿಂದ ಯಾರ ಹೆಸರನ್ನೂ ಹಾಗೆ ತೆಗೆದಿರಲಿಲ್ಲ. ಹೊಸಬರು ಬರುವ ದಿನ ಪ್ರಿನ್ಸಿಪಾಲ್ ಮೇಡಂ ಹಲಗೆಯ ಪಕ್ಕ ನಿಂತು ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮಲ್ಲಿ ಪರೀಕ್ಷೆಗೂ ಕಾವಲಿಲ್ಲ, ಹಾಸ್ಟೆಲ್ಲಿಗೂ ಕಾವಲಿಲ್ಲ. ನಿಮ್ಮ ಮಾತೇ ಕಾವಲು. ನಾನೂ ಇಲ್ಲೇ ಓದಿದವಳು. ನನ್ನದು ಆರನೇ ಬಿಲ್ಲೆ."

ಕಾಲೇಜು ಅಂಗೈಯಷ್ಟು. ಓದುವವರು ನೂರಿಪ್ಪತ್ತು ಜನ, ಪಾಠ ಹೇಳುವವರು ಹದಿನಾಲ್ಕು ಜನ. ಗಣಿತ ಓದುವವಳು ಕವಿತೆಯನ್ನೂ ಓದಬೇಕು, ಕಲ್ಲುಮಣ್ಣಿನ ಶಾಸ್ತ್ರ ಓದುವವಳು ತತ್ತ್ವಶಾಸ್ತ್ರದಲ್ಲೂ ತಲೆ ಕೆಡಿಸಿಕೊಳ್ಳಬೇಕು. ದುಂಡು ಮೇಜಿನ ಸುತ್ತ ಒಂಬತ್ತು ಕುರ್ಚಿ ಹಾಕಿದರೆ ಒಂದು ತರಗತಿ ಆಯಿತು. "ಇದನ್ನೆಲ್ಲ ಓದಿ ಮುಂದೆ ಏನು ಮಾಡ್ತೀಯಮ್ಮ?" ಎಂದು ಕೇಳದ ನೆಂಟರಿಲ್ಲ. ಅದಕ್ಕೆ ಗಿರಗಿಟ್ಲೆಯ ಹತ್ತಿರ ಉತ್ತರ ಸಿದ್ಧವಾಗಿತ್ತು: "ಮಾವ, ಆ ಪ್ರಶ್ನೆಗೆ ಉತ್ತರ ಹುಡುಕೋಕೇ ಮೂರು ವರ್ಷ ಬೇಕಂತೆ. ಅದಕ್ಕೇ ಸೇರ್ಕೊಂಡಿದ್ದೀನಿ."

ಗಿರಗಿಟ್ಲೆ ಇಪ್ಪತ್ತೇಳನೆಯ ಬಿಲ್ಲೆಯವಳು. ಕಾಲು ಒಂದು ಕಡೆ ನಿಲ್ಲದ್ದಕ್ಕೆ ಇಡೀ ಹಾಸ್ಟೆಲ್ಲು ಇಟ್ಟ ಹೆಸರು ಅದು. ಅವಳ ಕೋಣೆಯಲ್ಲಿ, ಕಿಟಕಿಯ ಕಡೆಯ ಮಂಚದಲ್ಲಿ ಇರುವವಳು ಇಪ್ಪತ್ತೆಂಟನೆಯವಳು. ಅವಳು ಬಾಯಿಬಿಟ್ಟರೆ ಅದೇ ಒಂದು ಸುದ್ದಿ. ಮೂರು ವರ್ಷದಲ್ಲಿ ದುಂಡು ಮೇಜಿನಲ್ಲಿ ಅವಳಾಗಿ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಗಲೆಲ್ಲ ಮನಸ್ಸಲ್ಲೇ ಇಟ್ಟುಕೊಂಡದ್ದನ್ನು ಸಂಜೆ ಡೈರಿಯಲ್ಲಿ ಬರೆಯುತ್ತಿದ್ದಳು, ಮನಸ್ಸು ಬಂದರೆ ಒಂದೆರಡು ಸಾಲನ್ನು ಗಿರಗಿಟ್ಲೆಗೆ ಓದಿ ಹೇಳುತ್ತಿದ್ದಳು. ಪುಸ್ತಕದ ರಾಶಿಯ ಹಿಂದೆ ಮುದುಡಿ ಕೂರುವ ಅವಳನ್ನು ಗಿರಗಿಟ್ಲೆ 'ಇಲಿಮರಿ' ಎಂದು ಕರೆಯುತ್ತಿದ್ದಳು. ಆ ಹೆಸರು ಕೋಣೆಯ ಬಾಗಿಲು ದಾಟಿ ಹೊರಗೆ ಹೋಗಿರಲಿಲ್ಲ. ಹೋಗಕೂಡದೆಂದು ಇಲಿಮರಿ ಆಣೆ ಹಾಕಿಸಿದ್ದಳು.

ಗಿರಗಿಟ್ಲೆಯ ಅಕ್ಕನ ಮನೆ ಅದೇ ಊರಿನಲ್ಲಿ, ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ಅಕ್ಕನಿಗೆ ಹಸುಗೂಸು. ಕೂಸಿನ ನೆನಪಾದರೆ ಸಾಕು, ಗಿರಗಿಟ್ಲೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರಾತ್ರಿ ಉಳಿಯಬೇಕಾದರೆ ಎರಡು ದಿನ ಮೊದಲೇ ಪತ್ರ ಕೊಡಬೇಕು, ಅದು ಇವಳ ಜಾಯಮಾನಕ್ಕೆ ಒಗ್ಗದ ಮಾತು. ಹಾಗಾಗಿ ಮೊದಲ ವರ್ಷದಿಂದಲೇ ಒಂದು ಒಳ ಒಪ್ಪಂದ ಬೆಳೆದಿತ್ತು. ಏಳಕ್ಕೆ ಐದು ನಿಮಿಷ ಇದ್ದಾಗ ಇಪ್ಪತ್ತೇಳು ಇನ್ನೂ ಕೆಂಪಗಿದ್ದರೆ, ಇಲಿಮರಿ ತನ್ನ ಬಿಲ್ಲೆ ಸರಿಪಡಿಸುವವಳಂತೆ ಹೋಗಿ ಅದನ್ನೂ ತಿರುಗಿಸಿಬಿಡುತ್ತಿದ್ದಳು. ಹತ್ತು ಹನ್ನೆರಡು ಸಲ ಹಾಗೆ ಮಾಡಿದ್ದಳು. ಪ್ರತಿ ಸಲವೂ ಗಿರಗಿಟ್ಲೆ ಮರುದಿನ ಬಂದು ಕುತ್ತಿಗೆಗೆ ಜೋತುಬಿದ್ದು, "ನೀನಿಲ್ದಿದ್ರೆ ನನ್ನ ಗತಿ ಏನೇ!" ಅನ್ನುತ್ತಿದ್ದಳು.

ಅವರಿಬ್ಬರ ನಡುವೆ ಜಗಳ ಬಂದದ್ದು ಒಂದು ಬುಧವಾರ.

ಅಂದು ತತ್ತ್ವಶಾಸ್ತ್ರದ ಮೇಷ್ಟ್ರು ಮೌನದ ಬಗ್ಗೆ ಚರ್ಚೆಗೆ ಬಿಟ್ಟಿದ್ದರು. ಮೇಜಿನ ಸುತ್ತ ಮಾತು ಮೇಲೆ ಕೆಳಗೆ ಹೋಗಿ ಸುಸ್ತಾಗಿತ್ತು. ಆಗ ಗಿರಗಿಟ್ಲೆ ಕುರ್ಚಿಯ ತುದಿಗೆ ಸರಿದು, "ಸುಮ್ಮನಿದ್ದವರು ಒಪ್ಪಿದ್ದಾರೆ ಅಂತ ಎಲ್ಲರೂ ತಿಳ್ಕೊಳ್ತಾರೆ ಸರ್. ಎಷ್ಟೋ ಸಲ ಅವರಿಗೆ ಬರೀ ತಡ ಆಗಿರುತ್ತೆ" ಅಂದಳು. ಮೇಷ್ಟ್ರು ಕನ್ನಡಕ ತೆಗೆದರು. "ಈ ವರ್ಷ ಈ ಮೇಜಿನಲ್ಲಿ ಕೇಳಿದ ಒಳ್ಳೇ ಮಾತು" ಎಂದು ತಮ್ಮ ಪುಸ್ತಕದಲ್ಲೇ ಬರೆದುಕೊಂಡರು.

ಅದು ಇಲಿಮರಿಯ ಡೈರಿಯ ಸಾಲು. ಭಾನುವಾರ ತಾನೇ ಓದಿ ಹೇಳಿದ್ದಳು.

ಕೋಣೆಗೆ ಬಂದ ಮೇಲೆ ಅವಳು ಬಾಗಿಲು ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಅದು ನಂದು."

"ಗೊತ್ತು ಕಣೇ. ನೀನು ಹೇಳಲ್ಲ ಅಂತ ನಾನು ಹೇಳ್ದೆ. ಒಳಗೇ ಇಟ್ಕೊಂಡ್ರೆ ಹುಳ ಹಿಡಿಯುತ್ತೆ."

"ನಾನು ಹೇಳೋಳಿದ್ದೆ."

"ಯಾವಾಗ? ಮುಂದಿನ ಜನ್ಮದಲ್ಲಾ?"

ಗಿರಗಿಟ್ಲೆ ನಗುತ್ತಲೇ ಅಂದಿದ್ದಳು. ಇಲಿಮರಿ ನಗಲಿಲ್ಲ. ಅಂದು ಸಂಜೆಯಿಂದ ಮಾತು ಬಿಟ್ಟಳು. ಚಿಕ್ಕ ಮಕ್ಕಳ ಹಾಗೆ ಠೂ ಬಿಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೂ ಬಿಡಲಿಲ್ಲ.

ಮರುದಿನ ಗುರುವಾರ ಓದುವ ವಾರ ಶುರುವಾಯಿತು. ಆ ವಾರ ಪಾಠವಿಲ್ಲ. ಕೊನೆಯ ವರ್ಷದವರು ತಮ್ಮ ತಮ್ಮ ಪ್ರಬಂಧ ಹಿಡಿದು ಮೂಲೆ ಸೇರುತ್ತಾರೆ, ಫೋನುಗಳನ್ನೆಲ್ಲ ಗೇಟಿನ ಕೋಣೆಯ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತಾರೆ. ಯಾರು ಊಟಕ್ಕೆ ಬಂದರು, ಯಾರು ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಗಿರಗಿಟ್ಲೆಯ ಪ್ರಬಂಧ ವಿಚಿತ್ರವಾದದ್ದು. ಕಾಲೇಜಿನ ಹಿಂದಿನ ದಿಬ್ಬದಾಚೆ ಹಾಳುಬಿದ್ದ ಕಲ್ಲುಗಣಿಯೊಂದಿತ್ತು. ಅದರ ಗೋಡೆಯ ಪದರಗಳನ್ನು ಚಿತ್ರ ಬಿಡಿಸಿ, ಪದರಕ್ಕೊಂದು ಕವಿತೆ ಬರೆಯುತ್ತೇನೆ ಎಂದು ಹೊರಟಿದ್ದಳು. ಗಣಿಗೆ ಒಬ್ಬಳೇ ಹೋಗಕೂಡದು ಎಂದು ಮೇಷ್ಟ್ರು ನೂರು ಸಲ ಹೇಳಿದ್ದರು.

ಮಧ್ಯಾಹ್ನ ಎರಡಕ್ಕೆ ಗಿರಗಿಟ್ಲೆ ಚೀಲ ಹೆಗಲಿಗೇರಿಸಿ, "ಹೋಗ್ಬರ್ತೀನಿ" ಅಂದಳು. ಇಲಿಮರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಎಲ್ಲಿಗೆ ಎಂದು ಕೇಳಲಿಲ್ಲ. ಬಾಗಿಲ ಹತ್ತಿರ ಹೆಜ್ಜೆ ಒಂದು ಗಳಿಗೆ ನಿಂತು, ಆಮೇಲೆ ಹೋಯಿತು.

ಸಂಜೆ ಏಳಕ್ಕೆ ಐದು ನಿಮಿಷ ಇದ್ದಾಗ ಹಲಗೆಯಲ್ಲಿ ಇಪ್ಪತ್ತೇಳು ಕೆಂಪಗಿತ್ತು. ಮುಖ ಊದಿಸಿಕೊಂಡು ಅಕ್ಕನ ಮನೆ ಸೇರಿದ್ದಾಳೆ, ಕೂಸಿನ ಹತ್ತಿರ ನನ್ನ ಚಾಡಿ ಹೇಳುತ್ತಿರುತ್ತಾಳೆ ಎಂದುಕೊಂಡಳು ಇಲಿಮರಿ. ಒಂದು ಕ್ಷಣ ಕೈ ಹಿಂದೆ ಸರಿಯಿತು: ಸಿಕ್ಕಿಬೀಳಲಿ, ಬುದ್ಧಿ ಬರಲಿ. ಮರುಕ್ಷಣ ತನ್ನ ಸಣ್ಣತನಕ್ಕೆ ತಾನೇ ಕುಗ್ಗಿದಳು. ಕೋಪ ಕೋಪದ ಜಾಗದಲ್ಲಿ, ನಡತೆ ನಡತೆಯ ಜಾಗದಲ್ಲಿ. ಎರಡು ಬೆರಳಲ್ಲಿ ಬಿಲ್ಲೆ ಹಿಡಿದು ಬಿಳಿಗೆ ತಿರುಗಿಸಿದಳು. ಉಸಿರೆಳೆದು ಬಿಡುವಷ್ಟು ಹೊತ್ತು. ಮೇಲೆ ಹೋಗಿ ಡೈರಿಯಲ್ಲಿ, 'ಮಾತು ಬಿಟ್ಟವಳಿಗೂ ಮಾಡಬೇಕಾದ್ದು ಮಾಡಿದೆ' ಎಂದು ಬರೆದಳು. ಬರೆದು ಸ್ವಲ್ಪ ಹೆಮ್ಮೆಪಟ್ಟಳು ಕೂಡ.

ಶುಕ್ರವಾರ ಪಕ್ಕದ ಮಂಚ ಹಾಸಿದ ಹಾಗೇ ಇತ್ತು. ಇರಲಿ, ಎಷ್ಟು ದಿನ ಮುನಿಸಿಕೊಳ್ಳುತ್ತಾಳೋ ನೋಡೋಣ. ಶನಿವಾರ ಸಂಜೆ ಹಲಗೆಯ ಮುಂದೆ ಅವಳ ಕಾಲು ತಾನಾಗಿ ನಿಂತಿತು. ಎರಡು ರಾತ್ರಿ ಗಿರಗಿಟ್ಲೆ ಯಾವತ್ತೂ ಉಳಿದವಳಲ್ಲ. ಮತ್ತೆ ಕೆಂಪಿಗೆ ತಿರುಗಿಸಿಬಿಡಲೇ? ತಿರುಗಿಸಿದರೆ ಗೇಟಿನಕ್ಕ ಕೇಳುತ್ತಾಳೆ, ಅಕ್ಕನ ಮನೆಗೆ ಫೋನು ಹೋಗುತ್ತದೆ, ಪತ್ರವಿಲ್ಲದೆ ಹೋದದ್ದು ಬಯಲಾಗುತ್ತದೆ, ಇಬ್ಬರ ಹೆಸರೂ ಹೋಗುತ್ತದೆ. ಪ್ರಬಂಧ ಒಪ್ಪಿಸಲು ಉಳಿದದ್ದು ಒಂದು ತಿಂಗಳು. ಬೆರಳು ಬಿಲ್ಲೆಯ ಅಂಚು ಮುಟ್ಟಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಗೇಟಿನಕ್ಕ ರಿಜಿಸ್ಟರು ಕಂಕುಳಲ್ಲಿ ಇರುಕಿಕೊಂಡು ಬಂದು, "ಸರಿ ಮಗಾ, ಪಕ್ಕಕ್ಕೆ ಬಾ, ನೀನೇನು ಗಾಜಾ, ಆಚೆಗೆ ಕಾಣೋಕೆ?" ಅಂದಳು. ಇಲಿಮರಿ ಪಕ್ಕಕ್ಕೆ ಸರಿದಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಿರಗಿಟ್ಲೆಯ ಅಕ್ಕ ಬಂದಳು, ಸೊಂಟದಲ್ಲಿ ಕೂಸು, ಕೈಯಲ್ಲಿ ಬುತ್ತಿ. "ಎಲ್ಲಿ ನಮ್ಮ ಗಿರಗಿಟ್ಲೆ? ಚಿಕ್ಕಮ್ಮನಿಗೆ ನಮ್ಮ ನೆನಪೇ ಇಲ್ವಂತಾ?"

ಹುಡುಕಲು ಹೊರಟವರು ಹನ್ನೆರಡರ ಹೊತ್ತಿಗೆ ಗಿರಗಿಟ್ಲೆಯನ್ನು ಕಲ್ಲುಗಣಿಯ ತಳದಲ್ಲಿ ಕಂಡರು. ಕಾಲು ತೊಡೆಯ ಹತ್ತಿರ ಮುರಿದಿತ್ತು. ತಲೆಗೆ ಪೆಟ್ಟಾಗಿರಲಿಲ್ಲ. ಶನಿವಾರ ಬೆಳಗಿನವರೆಗಾದರೂ ಜೀವ ಇತ್ತು ಎಂದು ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟರು. ಗುರುವಾರವೇ ಸಿಕ್ಕಿದ್ದರೆ ಕೋಲು ಹಿಡಿದು ನಡೆಯುವ ಮಟ್ಟಿಗಾದರೂ ಉಳಿಯುತ್ತಿದ್ದಳು ಎಂದು ಬಾಯಲ್ಲಿ ಹೇಳಿದರು.

*

ಹಾಗಾದರೆ ಗುರುವಾರ ಹಲಗೆ ಏನು ಹೇಳಿತು? ರಿಜಿಸ್ಟರಿನಲ್ಲಿ ಗೇಟಿನಕ್ಕನ ಗುಂಡು ಅಕ್ಷರದಲ್ಲಿ 'ಇಪ್ಪತ್ತೇಳು, ಬಿಳಿ' ಎಂದಿತ್ತು.

ಪ್ರಿನ್ಸಿಪಾಲ್ ಮೇಡಂ ಎಲ್ಲ ಹುಡುಗಿಯರನ್ನೂ ಊಟದ ಮನೆಯಲ್ಲಿ ಸೇರಿಸಿದರು. ಅವರ ಕಣ್ಣು ಅತ್ತು ಊದಿತ್ತು, ಅದು ನಾಟಕವಲ್ಲ. "ನಿಮ್ಮಲ್ಲಿ ಯಾರಾದರೂ ಆ ಬಿಲ್ಲೆ ಮುಟ್ಟಿದ್ದರೆ ಈಗ ಹೇಳಿ" ಅಂದರು. ನಲವತ್ತು ಹುಡುಗಿಯರು. ಒಬ್ಬಳು ಮೂಗು ಸೀಟಿದ್ದು ಬಿಟ್ಟರೆ ಸದ್ದಿಲ್ಲ. ಹೇಳುತ್ತೇನೆ, ಇದೋ ಹೇಳಿದೆ, ಇನ್ನೊಂದು ಉಸಿರಿಗೆ ಹೇಳಿದೆ ಎಂದು ಇಲಿಮರಿ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವಾಗಲೇ ಮೇಡಂ, "ನನಗೆ ಗೊತ್ತಿತ್ತು, ನಮ್ಮ ಹುಡುಗಿಯರು ಹಾಗೆ ಮಾಡುವವರಲ್ಲ" ಎಂದು ಎದ್ದರು.

ಉಳಿದವಳು ಗೇಟಿನಕ್ಕ. ನೋಡದೆ ಗೀಚಿದ್ದಾಳೆ, ಇಲ್ಲವೇ ಕೆಂಪನ್ನು ಬಿಳಿಯೆಂದು ಕಂಡಿದ್ದಾಳೆ ಎಂದು ತೀರ್ಮಾನವಾಯಿತು. ತಿಂಗಳ ಕೊನೆಗೆ ಕೆಲಸ ಬಿಡಬೇಕು, ಗೇಟಿನ ಹಿಂದಿನ ಕೋಣೆಯನ್ನೂ ಬಿಡಬೇಕು. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಇದ್ದದ್ದು ಆ ಕೋಣೆ ಒಂದೇ.

ಮೊದಲ ಎರಡು ದಿನ ಅವಳು ಕೂಗಾಡಿದಳು. "ಬಿಳಿ ಇತ್ತು! ಹೋಗಿದ್ದು ನೋಡ್ದೆ, ಬಂದಿದ್ದು ನೋಡ್ಲಿಲ್ಲ, ನೀರು ಹಿಡಿಯೋಕೆ ಹೋದಾಗ ಬಂದಿರ್ಬೇಕು ಅಂದ್ಕೊಂಡೆ. ಆದ್ರೆ ಬಿಳಿ ಇತ್ತು!" ಆಮೇಲೆ ಕೂಗು ನಿಂತಿತು. ಹತ್ತನೆಯ ದಿನ ಇಲಿಮರಿ ಗೇಟು ದಾಟುವಾಗ ಗೇಟಿನಕ್ಕನ ಮೂಗಿನ ಮೇಲೆ ದಪ್ಪ ಗಾಜಿನ ಹೊಸ ಕನ್ನಡಕ ಕಂಡಿತು.

"ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ ಮಗಾ. ಬಣ್ಣ ಎಲ್ಲ ಸರಿಯಾಗೇ ಕಾಣುತ್ತೆ, ಓದೋಕೆ ಬೇಕಾದ್ರೆ ಇದು ಹಾಕ್ಕೋ ಅಂದ್ರು. ಅವರಿಗೇನು ಗೊತ್ತು. ಹಾಕ್ಕೊಂಡ್ರೆ ತಲೆ ಸುತ್ತುತ್ತೆ, ಆದ್ರೂ ಹಾಕ್ಕೊಳ್ತೀನಿ." ಅವಳು ದನಿ ತಗ್ಗಿಸಿದಳು. "ನಿನ್ನೆ ರಾತ್ರಿ ಕಣ್ಣು ಮುಚ್ಚಿ ನೆನಪು ಮಾಡ್ಕೊಂಡೆ. ಈಗ ನನಗೇ ಕೆಂಪಗೆ ಕಾಣುತ್ತೆ ಕಣಮ್ಮ. ನಾನೇ ಕೊಂದೆನೇನೋ ಆ ಮಗೂನ."

ಇಲಿಮರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಓಡಿದಳು ಅನ್ನಬೇಕು. ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕುರ್ಚಿಯ ಬೆನ್ನು ಹಿಡಿದು ನಿಂತು, ಒಂದೇ ಉಸಿರಿನಲ್ಲಿ ಹೇಳಿದಳು. "ಮೇಡಂ, ಬಿಲ್ಲೆ ತಿರುಗಿಸಿದ್ದು ನಾನು."

ಮೇಡಂ ಬರೆಯುತ್ತಿದ್ದ ಪೆನ್ನನ್ನು ಮುಚ್ಚಿದರು. ಎದ್ದು ಬಂದು ಬಾಗಿಲು ಹಾಕಿದರು. ಅವಳನ್ನು ಕೂರಿಸಿ, ತಮಗೆಂದು ತಂದಿಟ್ಟಿದ್ದ ಚಹಾವನ್ನು ಅವಳ ಮುಂದೆ ಸರಿಸಿದರು.

"ಒಂದೇ ಕೋಣೆಯಲ್ಲಿ ಇದ್ದವರು. ನಿನಗೆ ಹಾಗೆ ಅನ್ನಿಸೋದು ಸಹಜ."

"ಅನ್ನಿಸೋದಲ್ಲ ಮೇಡಂ. ಮಾಡಿದ್ದು."

"ಕುಡಿ." ಅವರು ಕಿಟಕಿಯ ಕಡೆ ನೋಡಿದರು. "ನೋಡಮ್ಮ, ಕಾವಲಿನವಳ ಕಣ್ಣು ತಪ್ಪಿದ್ರೆ ಅದು ಒಬ್ಬಳ ತಪ್ಪು. ಇಲ್ಲಿ ಓದಿದವಳೇ ತಿರುಗಿಸಿದಳು ಅಂದ್ರೆ ಆ ಹಲಗೆ ಸುಳ್ಳು, ನಾನು ಸುಳ್ಳು, ಇಲ್ಲಿಂದ ಹೋದವರೆಲ್ಲ ಸುಳ್ಳು. ಮುಂದಿನ ವರ್ಷ ಯಾವ ತಾಯಿ ಮಗಳನ್ನ ಕಳಿಸ್ತಾಳೆ? ವರದಿ ಹೋಗಿಯಾಯ್ತು. ನೀನು ದುಃಖದಲ್ಲಿದ್ದೀಯ. ಹೋಗಿ ಪ್ರಬಂಧ ಮುಗಿಸು."

"ಗೇಟಿನಕ್ಕ..."

"ಆಕೆಗೆ ಬೇರೆ ಕಡೆ ಏನಾದ್ರೂ ನೋಡೋಣ. ನೀನು ಈ ಮಾತನ್ನ ಇಲ್ಲಿಗೇ ಬಿಡು."

ಹೊರಗೆ ಬಂದಾಗ ಇಲಿಮರಿಗೆ ಮೊದಲು ಆದದ್ದು ಹಗುರ. ಅದನ್ನು ಅವಳು ಆಮೇಲೆ ಯಾವತ್ತೂ ಮರೆಯಲಿಲ್ಲ. ಹೇಳಿಯಾಯಿತು. ಕೇಳದಿದ್ದದ್ದು ಅವರು. ಹತ್ತು ದಿನದ ಮೇಲೆ ಅಂದು ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು, ಕಣ್ಣು ತುಂಬ ನಿದ್ದೆ ಬಂತು. ಮುಂದಿನ ಒಂದು ವಾರ ಅವಳು ಗೇಟಿನ ಕಡೆಗೇ ಹೋಗಲಿಲ್ಲ, ಡೈರಿಯನ್ನೂ ತೆರೆಯಲಿಲ್ಲ. ಪ್ರಬಂಧ ಬರೆದಳು.

*

ಹದಿನೆಂಟನೆಯ ದಿನ ಸಂಜೆ ಗಿರಗಿಟ್ಲೆಯ ಅಮ್ಮ ಮಗಳ ಸಾಮಾನು ತೆಗೆದುಕೊಂಡು ಹೋಗಲು ಬಂದರು. ಸಣ್ಣ ಮೈಯ ಹೆಂಗಸು, ಬಟ್ಟೆ ಹೊಲಿಯುವ ಕೆಲಸದವರು. ಪ್ರತಿ ಅಂಗಿಯನ್ನೂ ಮಡಿಸುವ ಮೊದಲು ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. ಇಲಿಮರಿ ಎದುರು ಮಂಚದಲ್ಲಿ ಕೂತು ಪುಸ್ತಕಗಳನ್ನು ದಾರದಲ್ಲಿ ಕಟ್ಟುತ್ತಿದ್ದಳು.

"ನೀನು ತುಂಬ ಒಳ್ಳೆಯವಳು ಅಂತಿದ್ಲು," ಅಂದರು ಅಮ್ಮ. "ಮಾತು ಕಮ್ಮಿ, ಆದ್ರೆ ಆಡಿದ್ರೆ ಮುತ್ತು ಅಂತಿದ್ಲು." ಆಮೇಲೆ ಚೀಲದಿಂದ ಒಂದು ಚಿತ್ರದ ಪುಸ್ತಕ ತೆಗೆದರು. ರಟ್ಟಿಗೆ ಮಣ್ಣು ಮೆತ್ತಿತ್ತು. "ಪೊಲೀಸರು ಮೊನ್ನೆ ವಾಪಸು ಕೊಟ್ರು. ಅವಳ ಪಕ್ಕದಲ್ಲೇ ಇತ್ತಂತೆ. ಒಂದು ಮಾತು ನನಗೆ ಅರ್ಥ ಆಗಲ್ಲ. ನೀನು ಓದಿದವಳು, ನೋಡಿ ಹೇಳು."

ಕಲ್ಲಿನ ಪದರಗಳ ಚಿತ್ರದ ಕೆಳಗೆ, ಪೆನ್ಸಿಲಿನಲ್ಲಿ, ಸೊಟ್ಟ ಅಕ್ಷರ.

'ಗುರುವಾರ. ಕಾಲು ಅಲುಗಾಡಿಸೋಕೆ ಆಗ್ತಿಲ್ಲ. ಕೂಗಿ ಕೂಗಿ ಗಂಟಲು ಹೋಯ್ತು. ಏಳರ ಗಂಟೆ ಇಲ್ಲಿಗೂ ಕೇಳಿಸ್ತು. ಈಗ ಹಲಗೆ ನೋಡ್ತಾರೆ. ಇಲಿಮರಿಗೆ ನನ್ನ ಮೇಲೆ ಕೋಪ, ಈ ಸಲ ತಿರುಗಿಸಿರಲ್ಲ. ಸದ್ಯ! ಇನ್ನರ್ಧ ಗಂಟೇಲಿ ಬರ್ತಾರೆ.'

ಅದರ ಕೆಳಗೆ, ಇನ್ನೂ ಸೊಟ್ಟಗೆ: 'ಶುಕ್ರವಾರ. ಏಳರ ಗಂಟೆ.' ಮುಂದೆ ಏನೂ ಇರಲಿಲ್ಲ. ಪೆನ್ಸಿಲು ಕಾಗದದ ಅಂಚಿನವರೆಗೆ ಗೆರೆ ಎಳೆದು ನಿಂತಿತ್ತು.

"ಇಲಿಮರಿ ಅಂದ್ರೆ ಯಾರಮ್ಮ?" ಅಮ್ಮ ಕೇಳಿದರು. "ದೊಡ್ಡವಳನ್ನ ಕೇಳ್ದೆ, ಗೊತ್ತಿಲ್ಲ ಅಂದ್ಲು. ನಿಮ್ಮ ಮೇಡಂನ ಕೇಳ್ದೆ, ಜ್ವರದ ಅಮಲಲ್ಲಿ ಏನೋ ಬರೆದಿದ್ದಾಳೆ ಅಂದ್ರು. ನನ್ನ ಮಗಳ ಕೈ ನನಗೆ ಗೊತ್ತು. ಅಮಲಲ್ಲಿ ಬರೆದಿದ್ದಲ್ಲ ಇದು."

ಆ ಹೆಸರು ಗೊತ್ತಿದ್ದ ಇಬ್ಬರಲ್ಲಿ ಒಬ್ಬಳು ಇಲ್ಲ. ಗೊತ್ತಿಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಭೂಮಿಯ ಮೇಲೆ ಕೇಳುವವರಿಲ್ಲ. ದಾರದ ಗಂಟು ಇಲಿಮರಿಯ ಬೆರಳಲ್ಲಿ ಬಿಗಿಯುತ್ತಾ ಹೋಯಿತು.

"ನಾನೇ ಅಮ್ಮ."

ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು. "ತಿರುಗಿಸಿರಲ್ಲ ಅಂತ ಬರೆದಿದ್ದಾಳೆ."

"ತಿರುಗಿಸಿದ್ದೆ."

"ಎಷ್ಟು ಹೊತ್ತಿಗೆ?"

"ಏಳಕ್ಕೆ ಐದು ನಿಮಿಷ ಇತ್ತು."

ಅಮ್ಮ ಅಳಲಿಲ್ಲ, ಕೈ ಎತ್ತಲಿಲ್ಲ, ಶಾಪ ಹಾಕಲಿಲ್ಲ. ಮಡಿಸುತ್ತಿದ್ದ ಅಂಗಿಯನ್ನು ಮಡಿಸಿ ಮುಗಿಸಿದರು. ಅದನ್ನು ಪೆಟ್ಟಿಗೆಯಲ್ಲಿಟ್ಟು, ಮತ್ತೆ ಹೊರಗೆ ತೆಗೆದು, ಮತ್ತೆ ಒಳಗಿಟ್ಟರು. "ಸದ್ಯ ಅಂದಿದ್ದಾಳೆ ನನ್ನ ಕಂದ," ಅಂದರು, ಯಾರಿಗೋ ಅಲ್ಲ, ಪೆಟ್ಟಿಗೆಗೆ. ಆಮೇಲೆ ಎದ್ದು ಸೆರಗು ಸರಿಪಡಿಸಿಕೊಂಡರು. "ಆ ಗೇಟಿನ ಹೆಂಗಸು ಕೆಳಗೆ ನನ್ನ ಕಾಲು ಹಿಡ್ಕೊಂಡು ಅತ್ಲು. ನನ್ನ ಕಣ್ಣು ಹಾಳಾಗ ಅಂತ ಅತ್ಲು. ನಾನು ಕಾಲು ಬಿಡಿಸ್ಕೊಂಡು ಬಂದೆ. ಕೆಳಗೆ ನಡಿ. ನನಗೆ ಹೇಳಿದ್ದನ್ನ ಅವಳಿಗೆ ಹೇಳು."

ಏಳರ ಗಂಟೆ ಆಗಷ್ಟೇ ಹೊಡೆದಿತ್ತು. ಗೇಟಿನಕ್ಕ ಹಲಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದು ಬಿಲ್ಲೆಯನ್ನೂ ಕನ್ನಡಕದೊಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡುತ್ತಿದ್ದಳು. ಊಟಕ್ಕೆ ಹೊರಟ ಹುಡುಗಿಯರು ಏಣಿಮೆಟ್ಟಿಲ ಮೇಲೆ ಅಲ್ಲಲ್ಲಿ ನಿಂತರು. ಪ್ರಿನ್ಸಿಪಾಲ್ ಮೇಡಂ ಆಫೀಸಿನ ಬಾಗಿಲಿಗೆ ಬಂದರು. ಇಲಿಮರಿಯನ್ನು ಕಂಡು ತಲೆಯನ್ನು ಸಣ್ಣಗೆ, ಬೇಡ ಅನ್ನುವಂತೆ ಅಲ್ಲಾಡಿಸಿದರು.

ಇಲಿಮರಿಯ ದನಿ ಸಣ್ಣದು. ಅಷ್ಟು ಜನರ ಮುಂದೆ ಅದು ಒಡೆದು ಬಂತು. "ಅಕ್ಕಾ, ಆ ಗುರುವಾರ ಇಪ್ಪತ್ತೇಳು ಬಿಳಿನೇ ಇತ್ತು. ನಾನು ತಿರುಗಿಸಿದ್ದೆ. ನೀವು ಕಂಡಿದ್ದು ಸರಿ."

ಗೇಟಿನಕ್ಕ ನಿಧಾನವಾಗಿ ತಿರುಗಿದಳು. ಇಲಿಮರಿ ಕಾದದ್ದು ಬೈಗುಳಕ್ಕೆ, ಇಲ್ಲವೇ ಕೆನ್ನೆಯ ಮೇಲೊಂದು ಪೆಟ್ಟಿಗೆ. ಎರಡೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಹದಿನೆಂಟು ದಿನ," ಅಂದಳು ಗೇಟಿನಕ್ಕ. "ಹದಿನೆಂಟು ದಿನ ಇಲ್ಲೇ ಓಡಾಡ್ಕೊಂಡಿದ್ದೆ."

ಕನ್ನಡಕ ತೆಗೆದು, ಅದರ ಕಾಲು ಮಡಿಸಿ, ಸೊಂಟಕ್ಕೆ ಸಿಕ್ಕಿಸಿದಳು. ಮೂರು ಹೆಜ್ಜೆ ಹಿಂದೆ ಬಂದು, ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಮೊದಲ ಮೊಳೆಯಿಂದ ಗಟ್ಟಿಯಾಗಿ ಓದತೊಡಗಿದಳು. "ಒಂದು, ಬಿಳಿ. ಎರಡು, ಬಿಳಿ. ಮೂರು, ಬಿಳಿ." ಗಿರಗಿಟ್ಲೆಯ ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆರು ಬಂದಾಗ ಪ್ರಿನ್ಸಿಪಾಲ್ ಮೇಡಂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಪ್ಪತ್ತೇಳರಲ್ಲಿ ಬರೀ ಮೊಳೆ ಇತ್ತು. ಗೇಟಿನಕ್ಕ ಅಲ್ಲಿ ಉಸಿರೆಳೆದುಕೊಂಡಳು. ಇಪ್ಪತ್ತೆಂಟಕ್ಕೆ ಬಂದು ನಿಂತಳು. ಪೆನ್ನು ರಿಜಿಸ್ಟರಿನ ಮೇಲೆ ಕಾಯುತ್ತಿತ್ತು.

ಇಲಿಮರಿ ಮುಂದೆ ಹೋದಳು. ಈ ಸಲ ತನ್ನದೇ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು.

"ಇಪ್ಪತ್ತೆಂಟು," ಓದಿದಳು ಗೇಟಿನಕ್ಕ, ದೂರದಿಂದಲೇ, ಕಣ್ಣು ಕಿರಿದು ಮಾಡದೆ. "ಕೆಂಪು." ಬರೆದುಕೊಂಡಳು.